ಒಂದು ಬೆಳಗಿಗೆ ಒಂದೇ ಬಯಲು: ದುರ್ಗ–ದಾವಣಗೆರೆ ಸೀಮೆಯಲ್ಲಿ ವಸಂತದ ಹಕ್ಕಿ ನೋಡಲು ಹೊರಡುವವರಿಗೆ

ಶಿವರಾತ್ರಿ ಕಳೆದು ಯುಗಾದಿ ದಾಟುವವರೆಗಿನ ವಾರಗಳು ನಮ್ಮ ಬಯಲುಸೀಮೆಯ ಹಕ್ಕಿಗಳಿಗೆ ಬಿಡುವಿಲ್ಲದ ದಿನಗಳು. ಚಳಿಗಾಲವನ್ನು ಇಲ್ಲಿ ಕಳೆದ ವಲಸೆ ಹಕ್ಕಿಗಳು ಮಧ್ಯ ಏಷ್ಯಾದ ಕಡೆ ಹೊರಡಲು ತಿಂದು ಮೈ ತುಂಬಿಕೊಳ್ಳುತ್ತಿರುತ್ತವೆ. ಇಲ್ಲಿಯವೇ ಆದ ನೆಲಹಕ್ಕಿಗಳು ಅದೇ ಹೊತ್ತಿಗೆ ಒಣಹುಲ್ಲಿನ ನಡುವೆ ಮೊಟ್ಟೆ ಇಡಲು ಶುರುಮಾಡಿರುತ್ತವೆ. ಹೊರಟು ನಿಂತವೂ ಸಂಸಾರ ಹೂಡಿದವೂ ಒಂದೇ ಬಯಲಿನಲ್ಲಿ ಒಟ್ಟಿಗೆ ಸಿಗುವುದು ಈ ಕೆಲವು ವಾರ ಮಾತ್ರ.

ಮಾರ್ಗದರ್ಶಿಯೊಬ್ಬರ ಜೊತೆ ಹೋಗಿ ಈ ಹಕ್ಕಿಗಳನ್ನು ನೋಡಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ: ಒಂದು ಬೆಳಗಿಗೆ ಒಂದೇ ಜಾಗ ಇಟ್ಟುಕೊಳ್ಳಿ. ಒಂದೇ ದಿನ ಕೊಂಡಜ್ಜಿ ಕೆರೆ, ಜೋಗಿಮಟ್ಟಿ, ಮಾರಿಕಣಿವೆ ಮೂರನ್ನೂ ಸುತ್ತಿಸುತ್ತೇವೆ ಎನ್ನುವ ಯೋಜನೆಗೆ ಒಪ್ಪಬೇಡಿ. ಹುಲ್ಲುಗಾವಲಿನ ಹಕ್ಕಿ ಕಾರಿನ ಕಿಟಕಿಗೆ ಸಿಗುವುದಿಲ್ಲ. ಕೂತವರಿಗೆ ಸಿಗುತ್ತದೆ.

ಯಾವ ತಿಂಗಳಲ್ಲಿ ಏನು

ಫೆಬ್ರವರಿ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗಿನ ಅವಧಿ ಅತ್ಯುತ್ತಮ. ಸೆಳೆವಗಳು, ಅಂದರೆ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಬೇಟೆಯಾಡುವ ಹ್ಯಾರಿಯರ್ ಹದ್ದುಗಳು, ಇನ್ನೂ ಇಲ್ಲೇ ಇರುತ್ತವೆ. ಕಝಾಕ್‌ಸ್ತಾನದಂಥ ಹುಲ್ಲು ಬಯಲುಗಳಲ್ಲಿ ಮರಿ ಮಾಡುವ ಇವು ಏಪ್ರಿಲ್ ಹೊತ್ತಿಗೆ ನಮ್ಮನ್ನು ಬಿಟ್ಟು ಹೋಗಿರುತ್ತವೆ. ಜೋಳದ ಹೊಲಗಳ ಸುತ್ತ ಗುಂಪುಗಟ್ಟುವ ಕರಿತಲೆ ಮತ್ತು ಕೆಂಪುತಲೆಯ ಬಂಟಿಂಗ್ ಎಂಬ ಗುಬ್ಬಿಯಂಥ ಹಕ್ಕಿಗಳು, ಉಳುಮೆಯಾದ ನೆಲದಿಂದ ಒಮ್ಮೆಲೇ ಎದ್ದು ಒಮ್ಮೆಲೇ ಇಳಿಯುವ ಗಿಡ್ಡ ಬೆರಳಿನ ನೆಲಗುಬ್ಬಿಗಳು ಕೂಡ ಹೊರಡುವ ತಯಾರಿಯಲ್ಲಿರುತ್ತವೆ.

ಈ ಹೊತ್ತಿನ ಇನ್ನೊಂದು ಭಾಗ್ಯ ಬಣ್ಣ. ಡಿಸೆಂಬರ್‌ನಲ್ಲಿ ಮಾಸಲಾಗಿದ್ದ ಹಳದಿ ಕುಂಡೆಕುಸ್ಕ ಮಾರ್ಚಿಗೆ ಗರಿ ಬದಲಿಸಿ ಹೊಳೆಯುವ ಹಳದಿಗೆ ತಿರುಗುತ್ತದೆ. ಕರಿತಲೆ ಬಂಟಿಂಗಿನ ಗಂಡಿಗೆ ತಲೆ ನಿಜವಾಗಿ ಕಪ್ಪಾಗುವುದೂ ಈಗಲೇ. ಹೊಸಬರಿಗೆ ಗುರುತು ಹಿಡಿಯಲು ಇದಕ್ಕಿಂತ ಸುಲಭದ ಕಾಲವಿಲ್ಲ. ಹೂಬಿಟ್ಟ ಮುತ್ತುಗ, ಬೂರುಗದ ಮರ ಕಂಡರೆ ಗಾಡಿ ನಿಲ್ಲಿಸಿ. ಮಕರಂದಕ್ಕೆ ಮುಗಿಬೀಳುವ ಗುಲಾಬಿ ಮೈನಾಗಳ ಹಿಂಡು ಅಲ್ಲಿರುವ ಸಂಭವ ಬಹಳ.

ಏಪ್ರಿಲ್ ಊರಹಕ್ಕಿಗಳ ತಿಂಗಳು. ವಲಸೆ ಹಕ್ಕಿಗಳ ಗುಂಪು ತೆಳುವಾಗಿ, ನೆಲಗುಬ್ಬಿಗಳ ಹಾಡು, ಹಳದಿ ಟಿಟ್ಟಿಭದ ಗೂಡು, ನೆಲದಲ್ಲೇ ಓಡಾಡುವ ಕೋರ್ಸರ್ ಹಕ್ಕಿಯ ಮರಿಗಳು ಮುಂದಕ್ಕೆ ಬರುತ್ತವೆ. ಬಿಸಿಲು ಮಾತ್ರ ಕಟುವಾಗಿರುತ್ತದೆ. ಒಂಬತ್ತು ಗಂಟೆಯಾದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ದೂರದ ಹಕ್ಕಿ ಅಲುಗಾಡಿದಂತೆ ಕಂಡು, ಎಂಥ ಬೈನಾಕ್ಯುಲರ್ ಇದ್ದರೂ ಗುರುತು ಸಿಗದು.

ಯಾವ ಜಾಗ

ಚಳ್ಳಕೆರೆ ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲೊಂದು. ಹುಲ್ಲುಗಾವಲಿನ ಹಕ್ಕಿಗೆ ಅದೇ ಬೇಕು. ಇಲ್ಲಿನ ಅಮೃತಮಹಲ್ ಕಾವಲುಗಳು ಮೈಸೂರು ಸಂಸ್ಥಾನದ ಕಾಲದಿಂದ ದನಗಳ ಮೇವಿಗೆಂದು ಕಾದಿಟ್ಟ ಬಯಲುಗಳು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ವಿಂಗಡಿಸಿ, ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದು ಮೇಯಿಸುತ್ತಿದ್ದರು. ಆ ಸರದಿಯ ಮೇವಿನಿಂದಲೇ ಮರ ಬೆಳೆಯದೆ, ಹುಲ್ಲು ಸಾಯದೆ ಶತಮಾನಗಟ್ಟಲೆ ಈ ನೆಲ ಬಯಲಾಗಿ ಉಳಿಯಿತು. ಸರ್ಕಾರಿ ಕಡತದಲ್ಲಿ ಬೀಳು ಅಂತ ಬರೆದರೂ ಇದು ಬೀಳಲ್ಲ. ಕುದಾಪುರ, ಉಳ್ಳಾರ್ತಿ ಕಡೆಯ ಸಾವಿರಾರು ಎಕರೆ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. 2017ರಿಂದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವೂ ಅಲ್ಲಿದೆ. ಆ ಬೇಲಿಗಳ ಹತ್ತಿರ ಬೈನಾಕ್ಯುಲರ್, ಕ್ಯಾಮೆರಾ ಎತ್ತಲೇಬೇಡಿ. ಹಕ್ಕಿಯನ್ನೇ ನೋಡುತ್ತಿದ್ದೆವು ಎಂದು ಕಾವಲುಗಾರರಿಗೆ ಒಪ್ಪಿಸುವಷ್ಟರಲ್ಲಿ ನಿಮ್ಮ ಬೆಳಗು ಮುಗಿದಿರುತ್ತದೆ. ಬೇಲಿಯ ಹೊರಗೆ, ಹಟ್ಟಿಗಳ ಸುತ್ತ ಉಳಿದಿರುವ ಕಾವಲು ಮತ್ತು ಬೀಳು ಹೊಲಗಳಲ್ಲಿ ನೋಡುವುದು ಬೇಕಾದಷ್ಟಿದೆ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮ ದಾವಣಗೆರೆಯವರಿಗೆ ಹತ್ತಿರದ ಒಣಕಾಡು. 2011ರಲ್ಲಿ ಘೋಷಣೆಯಾದದ್ದು. ಕುರುಚಲು, ಕಲ್ಲುಗುಡ್ಡ, ನಡುನಡುವೆ ಹುಲ್ಲು ಇರುವ ಇಂಥ ನೆಲದಲ್ಲಿ ಗೌಜಲಕ್ಕಿ, ಲಾವಕ್ಕಿ, ಕೀಚುಗ (ಶ್ರೈಕ್), ಪಿಪಿಳೀಕ (ಪಿಪಿಟ್) ಹಕ್ಕಿಗಳನ್ನು ಹುಡುಕಿ. ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಚಿತ್ರದುರ್ಗದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಜೋಗಿಮಟ್ಟಿಯನ್ನು ಹುಲ್ಲುಗಾವಲು ಎನ್ನುವುದಕ್ಕಿಂತ ಗುಡ್ಡಗಾಡು ಎನ್ನಬೇಕು. ಬೆಟ್ಟದ ನೆತ್ತಿಯಲ್ಲಿ ಹುಲ್ಲಿದೆ, ಕಣಿವೆಯಲ್ಲಿ ಮರಗಳಿವೆ. ದಕ್ಷಿಣದ ಚಳಿಗಾಲ ಮುಗಿಸಿ ಏಪ್ರಿಲ್–ಮೇನಲ್ಲಿ ಉತ್ತರಕ್ಕೆ ಸಾಗುವ ನವರಂಗ ಹಕ್ಕಿ ತಂಗಬಹುದಾದ ತರಗೆಲೆಯ ನೆರಳು ಬೇಕೆಂದರೆ ಈ ಬಗೆಯ ಕಣಿವೆಯೇ ಸರಿ. ಕರಡಿ, ಚಿರತೆ ಇರುವ ಕಾಡು, ಆದ್ದರಿಂದ ನಸುಕಿನಲ್ಲಿ ಒಬ್ಬೊಬ್ಬರೇ ನಡೆಯುವ ಜಾಗವಲ್ಲ.

ನೀರಹಕ್ಕಿ ಬೇಕಾದವರಿಗೆ ಕೊಂಡಜ್ಜಿ, ದಾವಣಗೆರೆ ನಗರದಂಚಿನ ಕುಂದುವಾಡ ಕೆರೆ, ಚನ್ನಗಿರಿಯ ಸೂಳೆಕೆರೆ ಇವೆ. ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ, ಬಗ್ಗೆ ಒಂದು ಮಾತು. 1907ರಲ್ಲಿ ಮುಗಿದ ಈ ಅಣೆಕಟ್ಟೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ರೈತರಿಗೆ ಅದಕ್ಕಿಂತ ಸಂತೋಷ ಇಲ್ಲ. ಕೆಸರಿನಂಚಿನಲ್ಲಿ ಹುಳ ಹುಡುಕುವ ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳಿಗಾದರೆ ಹಿನ್ನೀರು ತುಂಬಿದ ವರ್ಷ ಕಾಲೂರಲು ತಾವು ಕಡಿಮೆ. ಅಂಥ ವರ್ಷ ದೊಡ್ಡ ಜಲಾಶಯ ಬಿಟ್ಟು, ಅಂಗಳ ಕಾಣುವಷ್ಟು ನೀರು ಇಳಿದ ಸಣ್ಣ ಹಳ್ಳಿಕೆರೆಗಳಿಗೆ ಹೋಗಿ. ಭದ್ರಾ ನಾಲೆಯ ಬೇಸಿಗೆ ಭತ್ತದ ಗದ್ದೆಗಳೂ ಅಷ್ಟೇ ಒಳ್ಳೆಯವು.

ಪಟ್ಟೆತಲೆಯ ಹೆಬ್ಬಾತುಗಳೇ ಬೇಕೆನ್ನುವವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು, ಅದೂ ಫೆಬ್ರವರಿ ಮುಗಿಯುವ ಮೊದಲು. ಹಿಮಾಲಯ ದಾಟಿ ಹೋಗಬೇಕಾದ ಅವು ಮಾರ್ಚಿಯಲ್ಲಿ ನಮಗಾಗಿ ಕಾಯುವುದಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದ ಕೆರೆಗಳಲ್ಲಿ ಅದೂ ಒಂದು.

ಮಾರ್ಗದರ್ಶಿಯನ್ನು ಆರಿಸುವಾಗ

ಇಲ್ಲಿ ಎರಡು ಬಗೆಯ ತಿಳಿವಳಿಕೆ ಬೇಕಾಗುತ್ತದೆ, ಎರಡೂ ಒಬ್ಬರಲ್ಲೇ ಇರುವುದು ಅಪರೂಪ. ಒಂದು, ಬಂಟಿಂಗಿನ ಹೆಣ್ಣಿಗೂ ಗುಬ್ಬಚ್ಚಿಗೂ ವ್ಯತ್ಯಾಸ ಹೇಳಬಲ್ಲ ಹಕ್ಕಿವೀಕ್ಷಕರ ಕಣ್ಣು. ಇನ್ನೊಂದು, ಆ ಬಯಲಿನಲ್ಲೇ ದಿನ ಕಳೆಯುವ ಕುರಿಗಾಹಿಯ ಕಾಲು. ಯಾವ ಗೋಕಟ್ಟೆಯಲ್ಲಿ ಇನ್ನೂ ನೀರಿದೆ, ಯಾವ ಬದುವಿನಲ್ಲಿ ಟಿಟ್ಟಿಭ ಕೂಗಿಕೊಳ್ಳುತ್ತಿದೆ, ತೋಳ ಯಾವ ಕಡೆ ಓಡಾಡಿದೆ ಎಂಬುದು ಹಟ್ಟಿಯವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಒಳ್ಳೆಯ ಮಾರ್ಗದರ್ಶಿ ಎಂದರೆ ಹಟ್ಟಿಯ ಒಬ್ಬರನ್ನು ಜೊತೆಗೆ ಕರೆದುಕೊಂಡು, ಅವರಿಗೂ ದಿನದ ಕೂಲಿಗೆ ಕಡಿಮೆಯಿಲ್ಲದಂತೆ ಕೊಡುವವರು. ನಿಮ್ಮ ಶುಲ್ಕದಲ್ಲಿ ಆ ಪಾಲು ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ.

ಹುಡುಕಲು ಶುರುಮಾಡುವುದಾದರೆ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿ. ಅನುಮತಿ ಬೇಕಾದ ಜಾಗಗಳಿಗೆ ಯಾರನ್ನು ಜೊತೆಗೆ ಕಳಿಸುತ್ತಾರೆ, ಎಷ್ಟು ದಿನ ಮೊದಲು ಅರ್ಜಿ ಕೊಡಬೇಕು ಎಂದು ಅಲ್ಲೇ ತಿಳಿಯುತ್ತದೆ. ನಂತರ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದ ಮೇಷ್ಟರುಗಳು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಹೊತ್ತಿಗೆ ಊರಿನ ಹಕ್ಕಿವೀಕ್ಷಕರೆಲ್ಲ ಹೊರಗೆ ಬರುತ್ತಾರೆ. ಆಗ ಪರಿಚಯ ಮಾಡಿಕೊಂಡರೆ ಮಾರ್ಚಿಗೆ ದಾರಿ ಸಲೀಸು.

ಮುಂಗಡ ಕೊಡುವ ಮೊದಲು ಕೇಳಬೇಕಾದವು: ಗುಂಪಿನಲ್ಲಿ ಎಷ್ಟು ಜನ? (ಬಯಲಿಗೆ ಆರೇಳು ಮಂದಿ ಮೀರಿದರೆ ನಾನಂತೂ ಹೋಗುವುದಿಲ್ಲ.) ಗಾಡಿಯನ್ನು ಹುಲ್ಲಿನ ಮೇಲೆ ಹತ್ತಿಸುತ್ತೀರಾ, ದಾರಿಯಲ್ಲೇ ನಿಲ್ಲಿಸುತ್ತೀರಾ? ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುತ್ತೀರಾ? ಗೂಡು ತೋರಿಸುತ್ತೀರಾ? ಕೊನೆಯ ಎರಡಕ್ಕೆ ‘ಹೌದು, ಗ್ಯಾರಂಟಿ ತೋರಿಸ್ತೀವಿ’ ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿಕೊಳ್ಳಿ. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ತೋರಿಸುತ್ತೇವೆ ಎನ್ನುವವರನ್ನೂ ನಂಬಬೇಡಿ. ಈ ಬಯಲುಗಳ ದೊರೆಯಾಗಿದ್ದ ಆ ಹಕ್ಕಿಗೆ ಈಗ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಕಡೆಯಷ್ಟೇ ನೆಲೆ ಉಳಿದಿದೆ, ಅದೂ ಬೆರಳೆಣಿಕೆಯಷ್ಟು. ಅದನ್ನು ಬೆನ್ನಟ್ಟದಿರುವುದೇ ನಾವು ಅದಕ್ಕೆ ಮಾಡಬಹುದಾದ ಉಪಕಾರ.

ಚೀಲದಲ್ಲಿ

ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ ಬೈನಾಕ್ಯುಲರ್ ಸಾಕು. ಹತ್ತು, ಹನ್ನೆರಡು ಪಟ್ಟಿನದು ಕೈ ನಡುಗಿದರೆ ಉಪಯೋಗಕ್ಕೆ ಬಾರದು. ತಲೆಗೆ ಟೋಪಿ ಅಥವಾ ಟವಲು, ಮಣ್ಣಿನ ಇಲ್ಲವೇ ಒಣಹುಲ್ಲಿನ ಬಣ್ಣದ ಉದ್ದ ತೋಳಿನ ಅಂಗಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಚಪ್ಪಲಿ ಬೇಡ, ಕಾಲು ಮುಚ್ಚುವ ಶೂ ಹಾಕಿ. ಜಾಲಿಮುಳ್ಳಿನ ಕಾಟ ಒಂದಾದರೆ, ಕಲ್ಲುನೆಲದ ಗರಗಸ ಮಂಡಲ ಹಾವು ಇನ್ನೊಂದು. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಗಾಡಿಯಲ್ಲೂ ಬೇಡ. ಮಾರ್ಚಿಯ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಗೂಡುಗಳ ಸಮೇತ ಕಾವಲು ಸುಟ್ಟುಹೋಗುತ್ತದೆ.

ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ಹಾಕಿಕೊಳ್ಳುವುದಾದರೆ ಭಾರತದ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಯಲಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ಬಯಲಿನಲ್ಲಿ, ಗಂಟೆಗಂಟೆಗೆ

ಮಾರ್ಚ್ ನಡುವಿನಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ. ಅದಕ್ಕೆ ಅರ್ಧ ಗಂಟೆ ಮೊದಲು ನೀವು ಬಯಲಿನ ಅಂಚಿನಲ್ಲಿ ನಿಂತಿರಬೇಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೇ ಅರವತ್ತು ಕಿಲೋಮೀಟರ್. ಅಲ್ಲಿಂದ ಚಳ್ಳಕೆರೆಗೆ ಇನ್ನೂ ಮೂವತ್ತು. ಆದ್ದರಿಂದ ದಾವಣಗೆರೆ ಕಡೆಯವರು ಹಿಂದಿನ ರಾತ್ರಿ ದುರ್ಗದಲ್ಲೋ ಚಳ್ಳಕೆರೆಯಲ್ಲೋ ತಂಗುವುದು ಒಳ್ಳೆಯದು. ನಿದ್ದೆಗೆಟ್ಟು ಗಾಡಿ ಓಡಿಸಿ ಬಂದವರ ಕಣ್ಣಿಗೆ ಹುಲ್ಲಿನ ಬಣ್ಣದ ಹಕ್ಕಿ ಬೀಳುವುದಿಲ್ಲ.

ಬೆಳಕು ಹರಿಯುವ ಮೊದಲು ಸುಮ್ಮನೆ ಕೇಳಿ. ಗೌಜಲಕ್ಕಿ ಮೊದಲು ಕೂಗುತ್ತದೆ, ಒಂದಕ್ಕೊಂದು ಪೈಪೋಟಿಗೆ ಬಿದ್ದ ಹಾಗೆ. ಕತ್ತಲಿರುವಾಗಲೇ ನೀರಿಗೆ ಬಂದುಹೋಗುವ ಚಿತ್ತಾರದ ಸ್ಯಾಂಡ್‌ಗ್ರೌಸ್ ಎಂಬ ನೆಲಹಕ್ಕಿ ರೆಕ್ಕೆ ಸದ್ದಿನಲ್ಲಷ್ಟೇ ಸಿಗಬಹುದು. ಸೆಳೆವಗಳು ರಾತ್ರಿ ಕಳೆಯುವುದು ಮರದಲ್ಲಿ ಅಲ್ಲ, ಹುಲ್ಲಿನ ನಡುವೆ ನೆಲದ ಮೇಲೆ, ಹಲವು ಒಟ್ಟಿಗೆ. ಬೆಳಕಾದೊಡನೆ ಒಂದೊಂದಾಗಿ ಎದ್ದು ಚದುರುತ್ತವೆ. ಅವು ಮಲಗುವ ಜಾಗ ಮಾರ್ಗದರ್ಶಿಗೆ ಗೊತ್ತಿದ್ದರೆ ದೂರದಿಂದಲೇ, ಏರಿಯ ಮೇಲಿನಿಂದಲೋ ರಸ್ತೆಯ ಮೇಲಿನಿಂದಲೋ ನೋಡಿ. ಒಳಗೆ ನಡೆದು ಎಬ್ಬಿಸಿದರೆ ಆ ಗುಂಪು ಮರುದಿನ ಅಲ್ಲಿರುತ್ತದೆನ್ನುವ ಭರವಸೆಯಿಲ್ಲ, ಸಾವಿರಾರು ಕಿಲೋಮೀಟರ್ ಪಯಣಕ್ಕೆ ಕೂಡಿಟ್ಟ ಕಸುವೂ ದಂಡ.

ಸೂರ್ಯ ಬಂದ ಮೇಲಿನ ಮೊದಲ ಒಂದೂವರೆ ಗಂಟೆ ನಡಿಗೆಗೆ. ಬಿಸಿಲು ಬೆನ್ನಿಗಿರುವಂತೆ, ದನಕುರಿ ನಡೆದು ಸವೆದ ದಾರಿಯಲ್ಲೇ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಿ. ಕೋರ್ಸರ್ ಸಿಗುವುದು ಹೀಗೆ ನಿಂತಾಗಲೇ: ತುರುತುರು ಓಡಿ, ತಟ್ಟನೆ ನಿಂತು, ನೆಟ್ಟಗೆ ಕತ್ತೆತ್ತಿ ಮತ್ತೆ ಓಡುವ ಇಟ್ಟಿಗೆ ಬಣ್ಣದ ಹಕ್ಕಿ. ಅದು ನಿಂತಿರುವಷ್ಟು ಹೊತ್ತು ಮಣ್ಣಿನ ಹೆಂಟೆಯಿಂದ ಬೇರೆಯಾಗಿ ಕಾಣುವುದಿಲ್ಲ. ಬೂದು ನೆತ್ತಿಯ ಗಂಡು ನೆಲಗುಬ್ಬಿ ಮೇಲಕ್ಕೇರಿ, ರೆಕ್ಕೆ ಮಡಚಿ, ಉದ್ದನೆಯ ಸಿಳ್ಳೆ ಹಾಕುತ್ತಾ ಧುಮುಕಿ, ನೆಲ ಮುಟ್ಟುವ ಮುನ್ನ ಮತ್ತೆ ಮೇಲೇಳುತ್ತದೆ. ಇದನ್ನು ಒಂದೇ ಕಡೆ ನಿಂತು ಹತ್ತು ನಿಮಿಷ ನೋಡಿದರೆ ಅದರ ಸರಹದ್ದು ಎಲ್ಲಿಂದ ಎಲ್ಲಿಗೆ ಎಂಬುದು ತಾನೇ ತಿಳಿದುಬರುತ್ತದೆ. ಪಟ್ಟಿಗೆ ಹೆಸರು ಸೇರಿಸುವುದಕ್ಕಿಂತ ಇದು ದೊಡ್ಡದು ಎಂದು ನನ್ನ ನಂಬಿಕೆ.

ಎಂಟರ ಹೊತ್ತಿಗೆ ಗೋಕಟ್ಟೆಗೆ ಬನ್ನಿ. ನೀರಿನಿಂದ ಐವತ್ತು ಅರವತ್ತು ಮಾರು ದೂರದಲ್ಲಿ, ಜಾಲಿಯ ನೆರಳಿನಲ್ಲಿ ಕೂರಿ. ಕೂತ ಮೇಲೆ ಏಳಬೇಡಿ. ಕಂದುಹೊಟ್ಟೆಯ ಸ್ಯಾಂಡ್‌ಗ್ರೌಸ್‌ಗಳು ಬಿಸಿಲೇರಿದ ಮೇಲೆ ಗುಂಪು ಗುಂಪಾಗಿ ನೀರಿಗೆ ಬರುವ ಹೊತ್ತು ಇದು. ಮೊದಲು ದೂರದಲ್ಲಿ ಇಳಿದು, ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ನಡೆದು ಬಂದು ನಾಲ್ಕು ಗುಟುಕು ಕುಡಿದು ಹೊರಟುಬಿಡುತ್ತವೆ. ಗಂಡೊಂದು ಹೊಟ್ಟೆ ಮುಳುಗುವಷ್ಟು ನೀರಿಗಿಳಿದು ಅಲ್ಲಾಡಿಸಿಕೊಳ್ಳುತ್ತಿದ್ದರೆ ಸ್ನಾನ ಎಂದುಕೊಳ್ಳಬೇಡಿ. ಅದರ ಎದೆ–ಹೊಟ್ಟೆಯ ಗರಿಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಲ್ಲೋ ಒಣನೆಲದಲ್ಲಿರುವ ಮರಿಗಳು ಆ ಗರಿಗಳಿಂದಲೇ ನೀರು ಹೀರಿಕೊಳ್ಳಬೇಕು. ಆ ಹೊತ್ತಿನಲ್ಲಿ ಒಬ್ಬರು ಫೋಟೋಗೆಂದು ಎದ್ದು ನಿಂತು ಹಿಂಡು ಹಾರಿಹೋದರೆ, ಮರಿಗಳ ಆ ದಿನದ ನೀರೇ ಹಾರಿಹೋದಂತೆ.

ಕುರಿ ಹಿಂಡು ನೀರಿಗೆ ಬಂದರೆ ಅವರಿಗೇ ಮೊದಲ ಪಾಳಿ. ಗೋಕಟ್ಟೆ ಅವರದು. ‘ಯಾವ ಹಟ್ಟಿ ಅಣ್ಣಾ?’ ಎಂದು ಮಾತಿಗೆ ಎಳೆದರೆ, ಹಿರಿಯರಾದರೆ ‘ಯಜಮಾನ್ರೇ’ ಎಂದು ಕರೆದು ಒಂದು ಲೋಟ ಚಹಾ ಕೊಟ್ಟರೆ, ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ ಹೊರಬರುತ್ತದೆ. ಅವರನ್ನು, ಅವರ ದೇವರೆತ್ತುಗಳನ್ನು ಕೇಳದೆ ಫೋಟೋ ತೆಗೆಯಬೇಡಿ. ಕೆಲವು ಹಟ್ಟಿಗಳಲ್ಲಿ ಚಪ್ಪಲಿ ಕಳಚಬೇಕಾದ ಎಲ್ಲೆಗಳಿರುತ್ತವೆ, ಮಾರ್ಗದರ್ಶಿ ಹೇಳಿದಂತೆ ನಡೆದುಕೊಳ್ಳಿ.

ನೆಲದ ಮೇಲಿನ ಮೊಟ್ಟೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಹಳದಿ ಟಿಟ್ಟಿಭ, ಕೋರ್ಸರ್, ಸ್ಯಾಂಡ್‌ಗ್ರೌಸ್, ಕಲ್ಲುಗೊರವ ಇವ್ಯಾವೂ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ, ಹೆಚ್ಚೆಂದರೆ ಒಂದು ಸಣ್ಣ ತಗ್ಗಿನಲ್ಲಿ, ಮಣ್ಣುಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತವೆ. ನಿಮ್ಮ ಶೂ ಪಕ್ಕದಲ್ಲಿದ್ದರೂ ಕಾಣದು. ಸವೆದ ದಾರಿ ಬಿಡಬೇಡಿ ಎಂದದ್ದು ಇದಕ್ಕೇ.

ಟಿಟ್ಟಿಭ ತಲೆಯ ಮೇಲೆ ಹಾರಿ ಕೂಗಾಡಲು ಶುರುಮಾಡಿದರೆ, ಅಥವಾ ರೆಕ್ಕೆ ಮುರಿದಂತೆ ನಟಿಸುತ್ತಾ ಎದುರಿಗೆ ಕುಂಟಿದರೆ, ಮೊಟ್ಟೆಯೋ ಮರಿಯೋ ಹತ್ತಿರದಲ್ಲಿದೆ ಎಂದರ್ಥ. ಅಲ್ಲೇ ನಿಲ್ಲಿ, ಕಾಲ ಬುಡ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಹುಡುಕಲು ಮುಂದಾಗಬೇಡಿ. ಬೇಸಿಗೆಯಲ್ಲಿ ಈ ಹಕ್ಕಿಗಳು ಮೊಟ್ಟೆಯ ಮೇಲೆ ಕೂರುವುದು ಕಾವಿಗೆ ಮಾತ್ರವಲ್ಲ, ನೆರಳಿಗೆ. ಟಿಟ್ಟಿಭಗಳು ಹೊಟ್ಟೆಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದೂ ಉಂಟು. ಏಪ್ರಿಲ್‌ನ ಹತ್ತು ಗಂಟೆ ಬಿಸಿಲಲ್ಲಿ ನಾವು ಫೋಟೋಗೆಂದು ಅಲ್ಲೇ ಸುಳಿದಾಡಿದರೆ ತಾಯಿ ದೂರ ನಿಲ್ಲುತ್ತದೆ, ಒಳಗಿನ ಜೀವ ಬೆಂದುಹೋಗುತ್ತದೆ. ಮೊಟ್ಟೆಗೆ, ಗೂಡಿಗೆ ಹಾನಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಡ್ರೋನ್ ಹಾರಿಸುವ ಮಾತೇ ಬೇಡ, ನೆಲಹಕ್ಕಿಯ ಕಣ್ಣಿಗೆ ಅದು ಹದ್ದು.

ಹತ್ತು ಗಂಟೆಗೆ ಬೆಳಗಿನ ಕೆಲಸ ಮುಗಿಸಿ. ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಊರು ಸೇರಿ ಮಂಡಕ್ಕಿ ಒಗ್ಗರಣೆಯೋ ಬೆಣ್ಣೆದೋಸೆಯೋ ತಿಂದು ನೆರಳಲ್ಲಿ ಮಲಗಿ. ಉಳಿಯುವ ಮನಸ್ಸಿದ್ದರೆ ಸಂಜೆ ಐದಕ್ಕೆ ಅದೇ ಬಯಲಿಗೆ ಮರಳಿ. ಬೆಳಗ್ಗೆ ಚದುರಿದ ಸೆಳೆವಗಳು ಮಲಗಲು ಹಿಂತಿರುಗುವುದನ್ನು ನೋಡಬಹುದು. ಬೇರೆ ಜಾಗಕ್ಕೆ ಓಡುವುದಕ್ಕಿಂತ ಇದರಲ್ಲಿ ಸಿಗುವುದು ಹೆಚ್ಚು.

ಮನೆಗೆ ಬಂದ ಮೇಲೆ

ನೋಡಿದ್ದನ್ನು ಅದೇ ದಿನ ಹಕ್ಕಿಪಟ್ಟಿಗಳ ಜಾಲತಾಣವಾದ ಇ–ಬರ್ಡ್‌ನಲ್ಲಿ ದಾಖಲಿಸಿ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಯಾವ ಹಕ್ಕಿ ಎಷ್ಟು ಎಂಬುದನ್ನೂ ಬರೆಯಿರಿ. ಕಂಡದ್ದು ಮೈನಾ, ಕಾಗೆ, ಕಳ್ಳಿಪೀರ ಮಾತ್ರವೇ ಆದರೂ ಸರಿ. ಈ ಎರಡು ಜಿಲ್ಲೆಗಳ ಒಣ ಬಯಲುಗಳಿಗೆ ಕೆರೆಗಳಿಗೆ ಹೋಗುವಷ್ಟು ಜನ ಹೋಗುವುದಿಲ್ಲ. ಮುಂದೆ ಯಾವುದಾದರೂ ಕಾವಲನ್ನು ‘ಏನೂ ಇಲ್ಲದ ಜಾಗ’ ಎಂದು ಯಾರಾದರೂ ಹೇಳಿದಾಗ ಎದುರಿಡಲು ಇಂಥ ಪಟ್ಟಿಗಳೇ ಬೇಕು. ಗೂಡು ಕಂಡಿದ್ದರೆ, ಸೆಳೆವಗಳು ಮಲಗುವ ಜಾಗ ತಿಳಿದಿದ್ದರೆ, ಅದರ ನಿಖರ ಸ್ಥಳವನ್ನು ವಾಟ್ಸ್‌ಆ್ಯಪ್ ಗುಂಪಿಗೂ ಫೇಸ್‌ಬುಕ್‌ಗೂ ಹಾಕಬೇಡಿ. ಫೋಟೋದ ಜೊತೆ ಅಂಟಿಕೊಂಡು ಬರುವ ಲೊಕೇಶನ್ ಅಳಿಸಿಯೇ ಹಂಚಿಕೊಳ್ಳಿ. ತಾಲ್ಲೂಕಿನ ಹೆಸರು ಸಾಕು.

ಮಾರ್ಚ್ ತಪ್ಪಿಹೋದವರು ಮೇ ಕೊನೆಗೆ ಮಾರ್ಗದರ್ಶಿಯನ್ನು ಮತ್ತೆ ವಿಚಾರಿಸಿ. ಆ ಹೊತ್ತಿಗೆ ಮುಂಗಾರಿನ ಗಾಳಿಯ ಜೊತೆ ಆಫ್ರಿಕಾದ ಕಡೆಯಿಂದ ಚಾತಕಗಳು ಬರತೊಡಗಿರುತ್ತವೆ. ಮೊದಲ ಮಳೆ ಬಿದ್ದು ಎರಡು ದಿನವಾದ ಮೇಲೆ ಹೋದರೆ ಕಾವಲಿನ ದಾರಿ ಕೆಸರೂ ಇರುವುದಿಲ್ಲ, ಧೂಳೂ ಇರುವುದಿಲ್ಲ.